ಮೂವತ್ತಾರನೇ ಮುಚ್ಚಳ

ಮೇಲಿನಿಂದ ಸ್ಪ್ಯಾನರ್ ಬಂತು!

ತಲೆ ತಪ್ಪಿಸಿಕೊಂಡೆ. ಅದು ಮೆಟ್ಟಿಲಿಗೆ ಬಡಿದು ಟಣ್... ಟಣ್... ಎಂದು ನಲವತ್ತು ಮೀಟರ್ ಕೆಳಗೆ ಹೋಯಿತು.

ಕಿಡಿ ಹಾರಲಿಲ್ಲ. ಹಾರಿದ್ದರೆ ನಾನಿವತ್ತು ನಿಮ್ಮೆದುರು ಕೂತು ಹೇಳಿಕೆ ಕೊಡುತ್ತಿರಲಿಲ್ಲ. ಪಕ್ಕದಲ್ಲೇ ರಾಕೆಟ್ಟು ನಿಂತು ಹೊಟ್ಟೆ ತುಂಬ ಇಂಧನ ಕುಡಿಯುತ್ತಿತ್ತು.

ಹಿತ್ತಾಳೆ ಸ್ಪ್ಯಾನರ್! ಕಿಡಿಯ ಭಯಕ್ಕೆ ನಮ್ಮ ಕೆಲಸಗಾರರು ಬಳಸುವಂಥದ್ದು. ಅಂದರೆ ಉಡಾವಣಾ ಗೋಪುರ ಹತ್ತಿ ಕೂತವರು, ನಾನು ಇಳಿಸಲು ಹೊರಟವರು, ಹೊರಗಿನ ಕಳ್ಳರಲ್ಲ.

ನಮ್ಮವರೇ.

"ಇನ್ನೊಂದು ಮೆಟ್ಲು ಹತ್ತಿದ್ರೆ ತಲೆ ಹೋಳಾಗುತ್ತೆ!" ಹೆಣ್ಣು ದನಿ.

"ಸ್ಪ್ಯಾನರ್ ಆಗ್ಲೇ ಎಸೆದಾಯ್ತಲ್ಲ! ಇನ್ನೇನು ಎಸೀತೀಯಾ, ಚಪ್ಪಲಿನಾ?"

"ನಿಮಗೆಸೆದ್ರೆ ಚಪ್ಪಲಿಗೆ ಅವಮಾನ!"

ಆ ದನಿ ನನಗೆ ಗೊತ್ತು. ಕಾಲು ಅಲ್ಲೇ ನಿಂತಿತು.

ಬೆರಳಣ್ಣನ ಮಗಳು!

ಧ್ವನಿವರ್ಧಕ ಗುಡುಗಿತು. "ಉಡಾವಣೆಗೆ ಮೂವತ್ತು ನಿಮಿಷ..."

ಬೆರಳಣ್ಣ ಯಾರೆಂದು ನಿಮಗೂ ಗೊತ್ತು. ನಿಮ್ಮ ಮೇಜಿನ ಮೇಲಿರುವ ಹಳೆಯ ಫೈಲು ಅವನದೇ. ಬರೆದವನು ನಾನು... ಉಡಾವಣಾ ಕೇಂದ್ರದ ಸುರಕ್ಷತಾ ತನಿಖಾಧಿಕಾರಿ.

ರಾಕೆಟ್ಟಿನ ಮೂಗಿನೊಳಗೆ ಉಪಗ್ರಹ ಕೂತಿರುತ್ತದೆ. ಮೂಗಿನ ಸುತ್ತ ಮೂವತ್ತಾರು ಉಸಿರುಗಂಡಿಗಳು. ರಾಕೆಟ್ಟು ಮೇಲೇರಿದಂತೆ ಒಳಗಿನ ಗಾಳಿ ಅವುಗಳಿಂದ ಹೊರಗೆ ಹೋಗಬೇಕು, ಇಲ್ಲದಿದ್ದರೆ ಮೂಗು ಒಡೆಯುತ್ತದೆ. ಧೂಳು ಹೋಗದಿರಲೆಂದು ಒಂದೊಂದಕ್ಕೂ ಬಿಳಿ ಮುಚ್ಚಳ. ಮುಚ್ಚಳಕ್ಕೊಂದು ಕೆಂಪು ಪಟ್ಟಿ. ಹಾರುವ ದಿನ ಮುಚ್ಚಳ ಬಿಚ್ಚಿ ಕಸದ ಚೀಲಕ್ಕೆ ಹಾಕುತ್ತಾರೆ, ಪಟ್ಟಿ ತಂದು ಹಲಗೆಯ ಕೊಕ್ಕೆಗೆ ನೇತುಹಾಕುತ್ತಾರೆ. ಮೂವತ್ತಾರು ಕೊಕ್ಕೆ ತುಂಬಿದರೆ ರಾಕೆಟ್ಟಿಗೆ ರಹದಾರಿ.

ಬೆರಳಣ್ಣನಿಗೆ ಹಲಗೆ ಬೇಕಿರಲಿಲ್ಲ. ಬಿಚ್ಚುತ್ತಾ ಬಿಚ್ಚುತ್ತಾ ಹೆಬ್ಬೆರಳನ್ನು ಗೆಣ್ಣಿನಿಂದ ಗೆಣ್ಣಿಗೆ ಸರಿಸುವನು. ನಾಲ್ಕು ಬೆರಳಿಗೆ ಹನ್ನೆರಡು ಗೆಣ್ಣು. ಮೂರು ಸುತ್ತು ಬಂದರೆ ಕೆಲಸ ಮುಗಿಯಿತು.

ಮೂರು ವರ್ಷದ ಹಿಂದೆ, ಹಾರಿದ ಎಪ್ಪತ್ತನೇ ಸೆಕೆಂಡಿಗೆ ಮೂಗು ಒಡೆಯಿತು. ಬಿರುಗಾಳಿಯ ಸುದ್ದಿ ಮೊದಲೇ ಹೇಳಬೇಕಿದ್ದ ಉಪಗ್ರಹ ಸಮುದ್ರ ಸೇರಿತು. ಅದೇ ವರ್ಷದ ಬಿರುಗಾಳಿಗೆ ಹನ್ನೊಂದು ದೋಣಿಗಳೂ ಅದರ ಹಿಂದೆಯೇ ಹೋದವು.

ಹಲಗೆಯೇನೋ ತುಂಬಿತ್ತು. ಆದರೆ ಒಂದು ಮುಚ್ಚಳ ಉಳಿದುಬಿಟ್ಟಿತ್ತು. ಮೈಗಳ್ಳತನದಿಂದ ಮುಚ್ಚಳ ಬಿಚ್ಚದೆ ಬರೀ ಪಟ್ಟಿ ಕಿತ್ತು ತಂದವನು ಬೆರಳಣ್ಣ ಎಂದು ತನಿಖೆ ಹೇಳಿತು. ಆರು ತಿಂಗಳಿಗೆ ಅವನ ಎದೆಬಡಿತ ನಿಂತಿತು.

ಅವತ್ತಿನಿಂದ ನನ್ನ ಹೆಬ್ಬೆರಳು ನನ್ನ ಮಾತು ಕೇಳುವುದಿಲ್ಲ! ಊಟಕ್ಕೆ ಕೂತಾಗ, ಮೀಟಿಂಗಿನ ನಡುವೆ... ತಾನಾಗಿ ಗೆಣ್ಣು ಎಣಿಸುತ್ತದೆ. ಮೂರನೇ ಸುತ್ತಿನ ಕೊನೆಯ ಗೆಣ್ಣು ಮುಟ್ಟದೆ ನಿಲ್ಲುತ್ತದೆ. ಒಮ್ಮೆ ಹೆಂಡತಿ ಕೈ ಹಿಡಿದು ಬೆಚ್ಚಿಬಿದ್ದಳು. "ಏನ್ರೀ ಇದು... ನಿಮ್ಮ ಕೈ ಅಲ್ಲವೇ ಅಲ್ಲ ಅನ್ಸುತ್ತೆ!"

ನಗಬೇಡಿ ಸ್ವಾಮಿ. ನಾನು ದೆವ್ವ ನಂಬುವವನಲ್ಲ. ಅದಕ್ಕೂ ನನ್ನ ನಂಬಿಕೆಯ ಹಂಗಿರಲಿಲ್ಲ.

ಹತ್ತಿದೆ.

ಗೋಪುರದಿಂದ ರಾಕೆಟ್ಟಿನ ಮೂಗಿಗೆ ಹೋಗುವ ಸೇತುವೆಯನ್ನು ಆಗಲೇ ಮಡಚಿಟ್ಟಿದ್ದರು. ಅದರ ತುದಿಯಲ್ಲಿ ಅವಳು ಕಂಬ ತಬ್ಬಿ ಕೂತಿದ್ದಳು. ಮುಂದೆ ಎಂಟು ಅಡಿ ಬರೀ ಗಾಳಿ. ಅದರಾಚೆ ಬಿಳಿ ಮೂಗು. ತಣ್ಣನೆಯ ಹಬೆ ಕೆಳಗಿನಿಂದ ಏಳುತ್ತಿತ್ತು.

"ಇಳಿ ಮಗಳೇ!"

"ಮಗಳಂತೆ! ನಿಮ್ಮನ್ನ ಚಿಕ್ಕಪ್ಪಾ ಅಂತ ಕರೀತಿದ್ದೆ ನಾನು. ಅಪ್ಪ ಹೋದಾಗ ಬಾಗಿಲವರೆಗೂ ಬರ್ಲಿಲ್ಲ ನೀವು!"

"ಬೈಯೋದಿದ್ರೆ ಕೆಳಗೆ ಬೈಯಿ. ಇಲ್ಲಿ ಇಬ್ರೂ ಸುಟ್ಟು ಹೋಗ್ತೀವಿ!"

"ಬೆಳಿಗ್ಗೆ ಮುಚ್ಚಳ ಬಿಚ್ಚಿದ್ದು ನಾನು. ಬಿಚ್ಚಿದ್ದು ಮೂವತ್ತೈದು!" ಅವಳ ಹೆಬ್ಬೆರಳು ಗೆಣ್ಣುಗಳ ಮೇಲೆ ಓಡಿತು. ಥೇಟ್ ಅಪ್ಪನ ಹಾಗೆ... ನನ್ನದೂ ಎಣಿಸತೊಡಗಿತು. "ಆಮೇಲೆ ಹೋಗಿ ನೋಡಿದ್ರೆ ಹಲಗೇಲಿ ಮೂವತ್ತಾರು! ಮೇಸ್ತ್ರಿನ ಕೇಳಿದ್ರೆ, 'ಒಂದು ಗಾಳಿಗೆ ಹಾರಿರುತ್ತೆ ಕಣಮ್ಮ, ಜೇಬಲ್ಲಿದ್ದದ್ದು ಹಾಕ್ದೆ' ಅಂತಾನೆ. ಮುಚ್ಚಳ ಎಣಿಸೋಣ ಅಂದ್ರೆ ಕಸದ ಚೀಲ ಆಗ್ಲೇ ಹೋಗಿತ್ತು. ಯಾರಿಗೆ ಹೇಳಿದ್ರೂ ಹಲಗೆ ತೋರಿಸ್ತಾರೆ!"

ಮೇಸ್ತ್ರಿ ಕೆಟ್ಟವನಲ್ಲ. ಸಮುದ್ರದ ಗಾಳಿಗೆ ಪಟ್ಟಿ ಹರಿದು ಹಾರುವುದು ಉಂಟು. ಬಟ್ಟೆ ಚೂರಿಗಾಗಿ ರಾಕೆಟ್ಟು ನಿಲ್ಲಬಾರದೆಂದು ನಮ್ಮಲ್ಲಿ ಎಲ್ಲರ ಜೇಬಿನಲ್ಲೂ ಒಂದು ಹೆಚ್ಚಿನ ಪಟ್ಟಿ ಇರುತ್ತದೆ. ಅದೊಂದು ರೂಢಿ.

ಆದರೆ ಗಾಳಿ ಪಟ್ಟಿಯನ್ನು ಒಯ್ದದ್ದು ಮುಚ್ಚಳ ಬಿಚ್ಚಿದ ಮೇಲೋ... ಬಿಚ್ಚುವ ಮೊದಲೋ?

ಮೊದಲೇ ಒಯ್ದಿದ್ದರೆ? ಬಿಳಿ ಮೂಗಿನ ಮೇಲೆ ಬಿಳಿ ಮುಚ್ಚಳ. ಕೆಂಪು ಕಾಣದಿದ್ದರೆ ಎಂಥ ಕಣ್ಣೂ ಜಾರುತ್ತದೆ!

"ಉಳಿದದ್ದು ಎಲ್ಲಿರಬಹುದು?"

"ಆ ಕಡೆ ಮಗ್ಗುಲಲ್ಲಿ. ಇಲ್ಲಿಂದ ಕಾಣಲ್ಲ. ಸೇತುವೆ ಮತ್ತೆ ಚಾಚಿದ್ರೆ ಮಾತ್ರ ಸಿಗುತ್ತೆ. ಚಾಚೋವರೆಗೂ ಇಳಿಯಲ್ಲ. ನಾನಿಲ್ಲಿರುವಾಗ ಹಾರಿಸ್ತೀರಾ? ಹಾರಿಸಿ, ನೋಡೋಣ!"

ಸೊಂಟದ ವಾಕಿಟಾಕಿ ಕಿರುಚಿತು. ಡೈರೆಕ್ಟರ್!

"ಏನ್ರೀ ಮಾಡ್ತಿದೀರಾ? ಗಾರ್ಡುಗಳು ಹತ್ತುತ್ತಾ ಇದಾರೆ. ಐದು ನಿಮಿಷದಲ್ಲಿ ಎಳ್ಕೊಂಡು ಬರ್ತಾರೆ. ಕೌಂಟ್‌ಡೌನ್ ನಿಲ್ಲಲ್ಲ!"

"ನಿಲ್ಲಿಸಿ ಸಾರ್. ಒಂದು ಮುಚ್ಚಳ ಉಳಿದಿರಬಹುದು."

"ಹಲಗೆ ತುಂಬಿದೆ! ಹಲಗೆ ತಪ್ಪೋದೇ ಇಲ್ಲ ಅಂತ ವರದಿ ಬರೆದೋರು ನೀವೇ ತಾನೆ? ಈಗ ಆ ಹುಡುಗಿ ಬೆರಳು ನಂಬಬೇಕಾ? ಇವತ್ತು ತಪ್ಪಿದ್ರೆ ಇನ್ನು ಹದಿನೈದು ದಿನ ಕಾಯಬೇಕು. ಕಾರಣ ಕೊಡಿ. ಇಲ್ಲಾಂದ್ರೆ ನಿಮ್ಮ ಕೈಗೂ ಬೇಡಿ ಬೀಳುತ್ತೆ!"

ಕೆಳಗೆ ಬೂಟುಗಳ ಸದ್ದು. ದಡ... ದಡ... ದಡ...

ಅವಳು ನನ್ನನ್ನೇ ನೋಡುತ್ತಿದ್ದಳು. ನನ್ನ ಹೆಬ್ಬೆರಳು ಮೂರನೇ ಸುತ್ತಿನಲ್ಲಿತ್ತು.

"ಕಾರಣ ಇದೆ ಸಾರ್. ರೆಕಾರ್ಡ್ ಆಗ್ತಿದೆ ತಾನೆ?"

"ಆಗ್ತಿದೆ. ಬೊಗಳ್ರಿ!"

"ಮೂರು ವರ್ಷದ ಹಿಂದೆ ಹಲಗೆ ಮುಂದೆ ಬೆರಳಣ್ಣ ಮೂವತ್ತೈದು ಅಂದಿದ್ದ. ಕಿರುಬೆರಳಿನ ತುದಿ ತೋರಿಸಿ, 'ಇದೊಂದು ಖಾಲಿ ಇದೆ ತಮ್ಮಾ, ಮೇಲೆ ಹೋಗಿ ನೋಡ್ಲೇಬೇಕು' ಅಂದ. ನೋಡೋಕೆ ಒಂದು ಗಂಟೆ ಬೇಕಿತ್ತು. ನಾನು, 'ಗಾಳಿಗೆ ಹಾರಿರುತ್ತೆ ಬಿಡಣ್ಣ' ಅಂದೆ. ಮೂವತ್ತಾರನೇ ಪಟ್ಟಿ... ನನ್ನ ಜೇಬಿಂದ ಬಂತು. ನಾನೇ ನೇತುಹಾಕ್ದೆ."

ವಾಕಿಟಾಕಿಯಲ್ಲಿ ಡೈರೆಕ್ಟರ್ ಗಾರ್ಡುಗಳಿಗೆ ನಿಲ್ಲಲು ಹೇಳಿದರು.

ಅವಳು ಕಂಬದಿಂದ ಕೈ ಬಿಟ್ಟಳು. "ಅಪ್ಪ... ತನಿಖೇಲಿ ಇದನ್ನ ಹೇಳ್ಲೇ ಇಲ್ವಾ?"

"ಹೇಳಿದ. ನಾನು ಬರ್ಕೊಳ್ಳಲಿಲ್ಲ."

ಅವಳು ಎದ್ದು ನಿಂತಳು. ಒಂದೇ ತಳ್ಳು ಸಾಕಿತ್ತು. ನಾನು ಕಂಬ ಹಿಡಿದಿರಲಿಲ್ಲ. ಹಿಡಿಯಬೇಕೆಂದೂ ಅನ್ನಿಸಲಿಲ್ಲ.

ತಳ್ಳಲಿಲ್ಲ. ಮುಖ ತಿರುಗಿಸಿ ರಾಕೆಟ್ಟಿನ ಕಡೆ ನೋಡಿದಳು.

ಧ್ವನಿವರ್ಧಕದ ದನಿ ಬದಲಾಯಿತು. "ಕೌಂಟ್‌ಡೌನ್ ನಿಲ್ಲಿಸಲಾಗಿದೆ... ಎಲ್ಲರೂ ಗೋಪುರ ಬಿಟ್ಟು ಇಳಿಯಿರಿ..."

ಇಂಧನ ಇಳಿಸುವ ಹೊತ್ತಿಗೆ ಸಂಜೆಯಾಯಿತು. ಆಮೇಲೆ ಸೇತುವೆ ಚಾಚಿದರು. ಅವಳೇ ಹೋದಳು. ಆ ಕಡೆ ಮಗ್ಗುಲನ್ನು ಅಂಗೈಯಿಂದ ಸವರುತ್ತಾ ಹೋಗಿ ಒಂದು ಕಡೆ ನಿಂತಳು. ಉಗುರಿನಿಂದ ಕೆರೆದು ತಿರುಗಿಸಿದಳು. ಬಿಳಿ ಮುಚ್ಚಳ. ಅಂಚಿನಲ್ಲಿ ಒಂದೇ ಒಂದು ಕೆಂಪು ನೂಲು.

ಡೈರೆಕ್ಟರ್ ಟೋಪಿ ತೆಗೆದರು. ಮೇಸ್ತ್ರಿ ತನ್ನ ಜೇಬು ಬರಿದು ಮಾಡಿದ.

ಅವಳು ಮುಚ್ಚಳ ತಂದು ನನ್ನ ಅಂಗೈಯಲ್ಲಿಟ್ಟಳು. "ನಮ್ಮಪ್ಪನ ಹೆಸರು ಶಾಯೀಲಿ ಕೆಡಿಸಿದ್ರಿ. ಶಾಯೀಲೇ ತೊಳೀರಿ, ಸಾಹೇಬ್ರೇ."

ಚಿಕ್ಕಪ್ಪಾ ಅನ್ನಲಿಲ್ಲ. ಅನ್ನುವುದೂ ಇಲ್ಲ.

ಹದಿನೈದು ದಿನ ಬಿಟ್ಟು ರಾಕೆಟ್ಟು ಹಾರಿತು. ಸಸ್ಪೆಂಡ್ ಆಗಿ ಮನೆಯಲ್ಲಿ ಕೂತಿದ್ದೆ, ಕಿಟಕಿ ಗಾಜು ನಡುಗಿತು. ಎಪ್ಪತ್ತನೇ ಸೆಕೆಂಡು ದಾಟುವವರೆಗೆ ನಾನು ಉಸಿರಾಡಲಿಲ್ಲ. ಉಪಗ್ರಹ ಕಕ್ಷೆ ಸೇರಿತಂತೆ. ದೋಣಿಯವರಿಗೆ ಮೊದಲ ಎಚ್ಚರಿಕೆಯನ್ನೂ ಕಳಿಸಿತಂತೆ.

ನನ್ನ ಹೆಬ್ಬೆರಳು? ಇನ್ನೂ ಎಣಿಸುತ್ತದೆ. ತಪ್ಪೊಪ್ಪಿಕೊಂಡರೆ ಸತ್ತವರು ಬಿಟ್ಟು ಹೋಗುತ್ತಾರೆ ಎಂದವನು ಯಾರೋ ಸುಳ್ಳ.

ಇಷ್ಟೇ ನನ್ನ ಹೇಳಿಕೆ. ಎಲ್ಲಿ ಸಹಿ ಮಾಡಲಿ?

ಏನು? ಅಷ್ಟು ದೊಡ್ಡ ತನಿಖೆಯಲ್ಲಿ ಅಪರಾಧಿ ಹೇಗೆ ತಪ್ಪಿಸಿಕೊಂಡ ಎನ್ನುತ್ತೀರಾ?

ತನಿಖಾಧಿಕಾರಿ ಬಲು ಚುರುಕು ಸ್ವಾಮಿ... ನೂರಾ ಹನ್ನೆರಡು ಜನರನ್ನು ಎದುರು ಕೂರಿಸಿ ಬೆವರಿಳಿಸಿದ. ಕೇಳುವವನ ಕುರ್ಚಿಯಲ್ಲಿ ಯಾರು ಕೂತಿದ್ದಾರೆಂದು ಮಾತ್ರ ವಿಚಾರಿಸಲಿಲ್ಲ!