ಇಂದೂ ಅಳಿಸಿದ ಹೆಸರು

ಪ್ರೇಮಕುಮಾರ ಬಾಗಿಲಲ್ಲಿ ಬಂದು ನಿಂತಾಗ ಇಂದೂ ತಲೆ ಎತ್ತಲಿಲ್ಲ. ಫೋನ್ ಮಾಡಿ ಕರೆಸಿದವಳು ತಾನೇ. ಆದರೂ ಅವನ ಮುಖ ನೋಡುವ ಧೈರ್ಯವಾಗಲಿಲ್ಲ.

ಪುಣೆಯ ಮಾರ್ಕೆಟ್ ಯಾರ್ಡಿನ ಆ ಟ್ರಾನ್ಸ್‌ಪೋರ್ಟ್ ಆಫೀಸು ಅವಳ ತಂದೆ ರಾಘಣ್ಣನದು. ಅಲ್ಲಿಯ ಕಂಪ್ಯೂಟರಿಗೆ 2007ರಲ್ಲಿ ಲಿನಕ್ಸ್ ತಂತ್ರಾಂಶ ಹಾಕಿಕೊಟ್ಟವನು ಪ್ರೇಮಕುಮಾರ. ಆಗಾಗ ಬಂದು ನೋಡಿಕೊಂಡು ಹೋಗುತ್ತಿದ್ದವನು ಬರಬರುತ್ತ ಕೆಲಸವಿಲ್ಲದಾಗಲೂ ಬರತೊಡಗಿದ್ದ.

"ಇವತ್ತೇನ್ ಕೆಟ್ಟದ್ರಿ?" ಎಂದು ಅವನು ಕೇಳುವುದು, "ಏನೂ ಕೆಟ್ಟಿಲ್ಲ, ಕೂಡ್ರಿ" ಎಂದು ಅವಳು ಮಾನಿಟರಿನ ಮೇಲಿಂದ ಕಣ್ಣಷ್ಟೇ ಎತ್ತಿ ನಗುವುದು ನಡೆದೇ ಇತ್ತು.

ನಿನ್ನೆ ಅದು ರಾಘಣ್ಣನ ಕಣ್ಣಿಗೆ ಬಿತ್ತು.

"ಅವರವ್ವ ಇಟ್ಟಂಗಿ ಹೊರಾಕಿ. ನಮಗೂ ಅವರಿಗೂ ಎಲ್ಲಿ ಸಂಬಂಧ? ಕಂಪ್ಯೂಟರಿನಾಗ ಅವನ ಹೆಸರಿದ್ರ ತಗದ್ಹಾಕು."

ಇಂದೂ ಎದುರಾಡಲಿಲ್ಲ. ಸಿಸ್ಟಂ ಬದಲಿಸುವ ಅಧಿಕಾರ ಯಾರಿಗಿದೆ ಎಂದು ಹೇಳುವ ಫೈಲಿನಲ್ಲಿ ಇದ್ದದ್ದು ಇಬ್ಬರೇ, ಅವಳು ಮತ್ತು ಅವನು. ಬೆಳಗ್ಗೆ ಪಾಸ್‌ವರ್ಡ್ ಕೊಟ್ಟು ಅದನ್ನು ತೆರೆದು ಅವನ ಹೆಸರು ಅಳಿಸಿದಳು. ಕಣ್ಣು ಮಂಜಾಗಿತ್ತು. ತನ್ನ ಸಾಲಿನದೂ ಒಂದು ಚಿಹ್ನೆ ಅಳಿಸಿಹೋದದ್ದು ಗೊತ್ತಾಗಲಿಲ್ಲ. ಮಧ್ಯಾಹ್ನ ಪ್ರಿಂಟರ್ ನಿಂತಿತು. ಸರಿಮಾಡಲು ಹೋದರೆ, ಆ ಫೈಲಿನಲ್ಲೇ ತಪ್ಪಿದೆ ಎಂದು ಕಂಪ್ಯೂಟರ್ ಅವಳನ್ನೂ ಒಳಗೆ ಬಿಡಲಿಲ್ಲ. ಹೊರಗೆ ಈರುಳ್ಳಿ ಲಾರಿಗಳು ಕಾಗದಪತ್ರಕ್ಕೆ ಕಾಯುತ್ತಿದ್ದವು.

ಪ್ರೇಮಕುಮಾರ ಕಂಪ್ಯೂಟರನ್ನು ರಿಪೇರಿ ಮೋಡಿನಲ್ಲಿ ಶುರುಮಾಡಿ ಫೈಲು ತೆರೆದ. ಓದುತ್ತಿದ್ದಂತೆ ಅವನ ಬೆರಳು ನಿಂತವು.

"ನನ್ನ ಹೆಸರು ನೀವೇ ತಗದ್ರೇನ್ರಿ?"

"ಅಪ್ಪ ಹೇಳಿದ್ರು."

"ಹೇಳಿದ್ರು, ತಗದ್ರಿ." ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಅವಳಿಗೆ ಹೆಚ್ಚು ಚುಚ್ಚಿತು.

ಅಳಿಸಿಹೋದ ಚಿಹ್ನೆಯನ್ನು ಕೂಡಿಸಿ ಅವನು ಫೈಲು ಸೇವ್ ಮಾಡಿದ. ತನ್ನ ಹೆಸರು ಬರೆಯಲಿಲ್ಲ.

"ನಿಮ್ಮದೂ ಹಾಕ್ರಿ," ಎಂದಳು ಇಂದೂ.

"ಬ್ಯಾಡ್ರಿ. ತಳೇಗಾಂವದಾಗ ಕೆಲಸ ಸಿಕ್ಕದ. ಅದನ್ನ ಹೇಳ್ಲಿಕ್ಕ ನಾನೇ ಬರಾಂವಿದ್ದೆ. ಇನ್ನೊಂದು ಮಾತೂ ಇತ್ತು. ಈಗ ಬ್ಯಾಡ."

"ಹೇಳ್ರಿ."

"ನಿಮ್ಮಪ್ಪ ಹೇಳಿದ್ರ ಅದನ್ನೂ ಅಳಸ್ತೀರಿ."

ಪ್ರಿಂಟರ್ ಗರಗರ ಎಂದು ಕಾಗದ ಉಗುಳತೊಡಗಿತು. ಅವನು ಬ್ಯಾಗು ಹೆಗಲಿಗೇರಿಸಿ ಹೊರಟ. ಬಾಗಿಲಲ್ಲೇ ರಾಘಣ್ಣ ಎದುರಾದ.

"ಇಂವ ಯಾಕ ಬಂದಾನ?"

"ನಾನೇ ಕರದೀನಿ," ಎಂದಳು ಇಂದೂ. ಪ್ರೇಮಕುಮಾರ ನಿಲ್ಲದೆ ನಡೆದುಬಿಟ್ಟ. "ನೀವು ಹೇಳಿದ್ರಂತ ಅವರ ಹೆಸರು ತಗದೆ, ಅಪ್ಪಾ. ಬೆಳಗಿನಿಂದ ಒಂದು ತುತ್ತು ಇಳದಿಲ್ಲ. ಇನ್ನ ಅಂಥಾದ್ದು ನನ್ನ ಕೈಲೆ ಆಗೂದಿಲ್ಲ."

"ಕೂಡು, ಇಂದೂ."

ಅವಳು ಕೂಡಲಿಲ್ಲ. ಚಪ್ಪಲಿ ಮೆಟ್ಟಿ ಹೊರಬಿದ್ದಳು. ಹಮಾಲರು ಚೀಲ ಹೊತ್ತುಕೊಂಡೇ ನಿಂತು ನೋಡಿದರು. ಲಾರಿಗಳ ನಡುವೆ ಓಡಿ ಅವನನ್ನು ತಲುಪುವಷ್ಟರಲ್ಲಿ ಅವಳಿಗೆ ಉಸಿರು ಸಾಲದಾಗಿತ್ತು.

"ಆ ಮಾತು ಹೇಳ್ರಿ."

"ನಿಮ್ಮಪ್ಪ ನೋಡ್ಲಿಕತ್ತಾರ."

"ನೋಡ್ಲಿ."

ಅವನು ಹೇಳಿದ. ಲಾರಿಗಳ ಸದ್ದಿನಲ್ಲಿ ಕೇಳಿಸಲೆಂದು ಅವಳು ಇನ್ನಷ್ಟು ಹತ್ತಿರ ಸರಿಯಬೇಕಾಯಿತು. ಮದುವೆ ಎಂಬ ಒಂದು ಶಬ್ದಕ್ಕೆ ಅವನು ಮೂರು ಸಲ ತಡವರಿಸಿದ.

"ಹೂಂ," ಎಂದಳು ಇಂದೂ. ಕೆನ್ನೆ ತೊಯ್ದಿತ್ತು.

ಹಿಂದಿನಿಂದ ಅಪ್ಪನ ಕೂಗು ಕೇಳಿಸಿತು. ಅವಳು ಅವನ ತೋಳು ಹಿಡಿದು ಆಫೀಸಿನ ಕಡೆಗೇ ತಿರುಗಿದಳು.

"ಬರ್ರಿ. ನೀವು ಸುಮ್ಮನ ನಿಲ್ರಿ, ಅಪ್ಪಗ ನಾ ಹೇಳ್ತೀನಿ."