ಎರಡು ಬಣ್ಣದ ರಿಬ್ಬನ್ನು

ಫೆಬ್ರವರಿಯ ಒಂದು ಗುರುವಾರ, ಬೆಳಿಗ್ಗೆ 9.40. ಚಮನಬಿ ಮೂಡಲಗಿ ಠಾಣೆಯ ಮೆಟ್ಟಿಲು ಹತ್ತುವುದನ್ನು ಕಂಡು ಪಿಎಸ್‌ಐ ಕಾಶಿನಾಥ ತುಟಿಗೆ ತಂದಿದ್ದ ಚಹದ ಕಪ್ಪನ್ನು ಹಾಗೇ ಕೆಳಗಿಟ್ಟರು. ಇಟ್ಟಂಗಿ ಭಟ್ಟಿ, ಹೋಟೆಲು, ಕಬ್ಬಿನ ಹೊಲ ಎಲ್ಲಿಂದಾದರೂ ಸರಿ, ದುಡಿಯುವ ಮಕ್ಕಳನ್ನು ಬಿಡಿಸಿ ತಂದು ತನ್ನ ಶಾಲೆಯಲ್ಲೇ ಇಟ್ಟುಕೊಂಡು ಅಕ್ಷರ ಕಲಿಸುವುದೇ ಆಕೆಯ ಕೆಲಸ. ಆಕೆಯ ಸ್ಕೂಟರಿನ ಸದ್ದು ಕೇಳಿದರೆ ಸಾಕು, ಗೋಕಾಕದಿಂದ ಹುಕ್ಕೇರಿಯವರೆಗೆ ಮಾಲೀಕರು ಮಕ್ಕಳನ್ನು ಹಿತ್ತಲಿಗೆ ಅಟ್ಟುತ್ತಿದ್ದರು. ಪೊಲೀಸರಿಗೂ ಆಕೆ ಒಂದು ತಲೆನೋವೇ. ಆದರೆ ಆ ದಿನ ಆಕೆಯ ದನಿಯಲ್ಲಿ ಜಗಳವಿರಲಿಲ್ಲ.

“ನಮ್ಮ ಭಾಗ್ಯಾ ಕಾಣವಲ್ಲಳ್ರಿ, ಸಾಹೇಬ್ರ.”

“ಯಾವಾಗಿಂದ?”

“ನಿನ್ನೆ ಸಂಜಿಂದ. ಆಟಕ್ಕ ಬಿಟ್ಟಾಗ ಗೇಟಿನ ಹತ್ರ ಇದ್ಲಂತ.”

“ಯಾರ ಮ್ಯಾಲರ ಸಂಶಯ?”

“ಯಾರ ಹೆಸರ ಹೇಳ್ಲಿರಿ? ನನಗ ವೈರಿಗಳಿಗೇನು ಕಡಿಮಿ?”

ಕಾಶಿನಾಥ ಎಫ್‌ಐಆರ್ ಬರೆಸತೊಡಗಿದರು. ವಯಸ್ಸು ಹನ್ನೊಂದು, ಐದನೆಯ ತರಗತಿ. ನೀಲಿ ಲಂಗ, ಬಿಳಿ ಅಂಗಿ. ಎರಡು ಜಡೆ; ಒಂದಕ್ಕೆ ಕೆಂಪು ರಿಬ್ಬನ್ನು, ಇನ್ನೊಂದಕ್ಕೆ ಹಳದಿ.

“ಎರಡ ಬಣ್ಣ ಯಾಕ?”

“ದಾನ ಬಂದದ್ದು ಹಂಗ ಇತ್ರಿ. ಜಗಳ ಬ್ಯಾಡ ಅಂತ ಎಲ್ಲಾ ಹುಡಿಗ್ಯಾರಿಗೂ ಎರಡೂ ಬಣ್ಣ ಹಂಚಿದ್ವಿ. ಈಗ ಅದs ನಮ್ಮ ಸಾಲಿ ಗುರುತು ಆಗೇತಿ.” ಚಮನಬಿ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಭಾನುವಾರ ವಸತಿ ಶಾಲಿ ಪರೀಕ್ಷಾ ಐತ್ರಿ. ಪಾಸಾದ್ರ ಹತ್ತನೆತ್ತಾ ತನಕಾ ಊಟದ್ದು, ಓದಿಂದು ಚಿಂತಿಲ್ಲ. ಇದೊಂದು ತಪ್ಪಿದ್ರ ಆಕಿಗೆ ಮತ್ತ ಅವಕಾಶ ಇಲ್ರಿ.”

ಭಾಗ್ಯಾಳನ್ನು ಬಿಡಿಸಿ ತಂದದ್ದು ಹಿಂದಿನ ವರ್ಷ, ಗೋಕಾಕದ ಗೊಂಬೆ ಮಾಡುವ ಮುದುಕ ಪರಶುರಾಮನ ಮನೆಯಿಂದ. ಅಲ್ಲಿ ಬಣ್ಣ ಹಚ್ಚುತ್ತಿದ್ದ ತಾಯಿ ತೀರಿಕೊಂಡಾಗ ಹುಡುಗಿ ಇನ್ನೂ ಚಿಕ್ಕವಳು. ಮುದುಕನೇ ಸಾಕಿದ, ಮುದುಕನೇ ಕೈಗೆ ಕುಂಚ ಕೊಟ್ಟು ಹಗಲೆಲ್ಲ ಕೂರಿಸಿ ದುಡಿಸಿದ.

ಅಂದೇ ಮಧ್ಯಾಹ್ನ ಕಾಶಿನಾಥ ಮಹಿಳಾ ಕಾನ್‌ಸ್ಟೆಬಲ್ ಜೀನತಳನ್ನು ಕರೆದುಕೊಂಡು ಗೋಕಾಕಕ್ಕೆ ಹೋದರು. ಪರಶುರಾಮನ ಪಡಸಾಲೆಯಲ್ಲಿ ಕಂಕುಳಲ್ಲಿ ಕೊಡ ಹಿಡಿದ ಹೆಣ್ಣು ಗೊಂಬೆಗಳು ಸಾಲಾಗಿ ನಿಂತಿದ್ದವು. ಹಸಿರು ಸೀರೆ, ಕೆಂಪು ಕುಂಕುಮ, ಎಲ್ಲ ಇತ್ತು. ಕಣ್ಣು ಮಾತ್ರ ಇರಲಿಲ್ಲ.

“ಭಾಗ್ಯಾ ಬಂದಿದ್ಲೇನ?”

“ಇಲ್ರಿ.”

“ಇವಕ್ಕ ಕಣ್ಣು ಯಾರು ಬರೀತಾರ?”

“ನಾನs ರೀ.”

ಮುದುಕ ನೀರಿನ ತಂಬಿಗೆ ತಂದುಕೊಟ್ಟ. ಜೀನತಳ ಕೈ ಸೇರುವಷ್ಟರಲ್ಲಿ ಅರ್ಧ ನೀರು ನೆಲದ ಪಾಲಾಗಿತ್ತು. ಮನೆ ಶೋಧಿಸಿದರು, ಹುಡುಗಿ ಸಿಗಲಿಲ್ಲ. ಪಂಚನಾಮೆ ಬರೆದು ಹೊರಬಂದ ಮೇಲೆ ಜೀನತ ಕೇಳಿದಳು, “ಸರ್, ಆ ಕೈಲೆ ಕಣ್ಣು ಬರಿಯಾಕ ಆಗತೈತೇನ್ರಿ?”

“ಆಗೂದಿಲ್ಲ. ಗೊಂಬಿ ಮಾರೂ ಅಂಗಡಿ ನೋಡೂಣು. ಇವನ ಹೊಸಾ ಗೊಂಬಿಗೆ ಎಲ್ಯರ ಕಣ್ಣು ಮೂಡಿದ್ರ, ಹುಡುಗಿ ಇವನ ಹತ್ರನs ಅದಾಳ.”

ಶುಕ್ರವಾರವಿಡೀ ಗೋಕಾಕದ ಅಂಗಡಿಗಳನ್ನು ಸುತ್ತಿದ್ದೇ ಬಂತು. ಕುಲಗೋಡ, ಅರಭಾವಿ ಕಡೆಯ ಇಟ್ಟಂಗಿ ಭಟ್ಟಿಗಳನ್ನೂ ಬಿಡಲಿಲ್ಲ. ಸಂಜೆ ಚಮನಬಿ ಠಾಣೆಗೆ ಬಂದು ಬೆಂಚಿನ ಮೇಲೆ ಕೂತಳು.

“ಆಕಿ ಆಗಾಗ ಆ ಪರಶುರಾಮಜ್ಜನ ಮಾತು ತಗೀತಿದ್ಲ್ರಿ. ನಾನು ಪಾಠದ ಮಾತು ತಗದು ಹೊಳ್ಳಿಸಿಬಿಡ್ತಿದ್ದೆ,” ಎಂದಳು. ಊರೂರಿಗೆ ಗಟ್ಟಿ ದನಿಯಲ್ಲಿ ಬೈದು ಬಂದವಳ ಈ ಸಣ್ಣ ದನಿ ಕೇಳಿ ಕಾಶಿನಾಥ ಬರೆಯುವುದನ್ನು ನಿಲ್ಲಿಸಿದರು. ಅವರೇ ಎದ್ದು ಹೋಗಿ ಆಕೆಗೆ ಚಹ ಹೇಳಿ ಬಂದರು.

ಶನಿವಾರ ಬೆಳಿಗ್ಗೆ 11.15ಕ್ಕೆ ಹುಕ್ಕೇರಿ ಬಸ್ ನಿಲ್ದಾಣದಿಂದ ಜೀನತ ಫೋನು ಮಾಡಿದಳು.

“ಸರ್, ಸಿಕ್ಕಾಳ್ರಿ. ಹುಡುಗಿ ಅಲ್ಲ, ಗೊಂಬಿ.”

ಕಾಶಿನಾಥ ಹುಕ್ಕೇರಿ ಠಾಣೆಗೆ ತಿಳಿಸಿ ಜೀಪು ಹತ್ತಿದರು. ನಿಲ್ದಾಣದ ಗೊಂಬೆ ಅಂಗಡಿಯಲ್ಲಿ ಹಸಿರು ಸೀರೆಯ ಗೊಂಬೆಗಳ ನಡುವೆ ಒಬ್ಬಳು ಬೇರೆಯೇ ನಿಂತಿದ್ದಳು. ನೀಲಿ ಲಂಗ, ಬಿಳಿ ಅಂಗಿ. ಕಂಕುಳಿನ ಕೊಡಕ್ಕೆ ಖಾಕಿ ಬಳಿದು ಪಟ್ಟಿ ಎಳೆದು ಪುಸ್ತಕದ ಚೀಲ ಮಾಡಿದ್ದರು. ಒಂದು ಜಡೆಗೆ ಕೆಂಪು, ಇನ್ನೊಂದಕ್ಕೆ ಹಳದಿ. ಕಣ್ಣುಗಳು ನೆಟ್ಟಗೆ ಇವರನ್ನೇ ನೋಡುತ್ತಿದ್ದವು.

“ಯಾರು ಕೊಟ್ರು?”

“ಗೋಕಾಕದ ಪರಶುರಾಮಜ್ಜ, ನಿನ್ನೆ ಸಂಜಿಕ. ಇಲ್ಲೇ ನಾದಿನಿ ಮನ್ಯಾಗ ಅದಾನ್ರಿ.”

ನಾದಿನಿಯ ಮನೆಯ ಅಂಗಳದಲ್ಲಿ ಭಾಗ್ಯಾ ಬೆನ್ನು ಬಗ್ಗಿಸಿ ಕೂತಿದ್ದಳು. ಪಕ್ಕದಲ್ಲಿ ಪರಶುರಾಮ ಬಣ್ಣ ಆರಲೆಂದು ಗೊಂಬೆಗಳಿಗೆ ಬಾಯಿಂದ ಗಾಳಿ ಊದುತ್ತಿದ್ದ. ಖಾಕಿ ಕಂಡರೂ ಆತ ಅಲುಗಲಿಲ್ಲ. ಜೀನತ ಹುಡುಗಿಯನ್ನು ಬದಿಗೆ ಕರೆದು ಕೂರಿಸಿಕೊಂಡಳು.

“ಎಳಕೊಂಡು ಬಂದ್ನೇನು?”

“ಇಲ್ರಿ. ಗೊಂಬಿಗೆ ಕಣ್ಣಿಲ್ಲ, ಒಂದs ದಿನಾ ಬಾ ಅಂದ. ಬಂದೆ.”

“ಮತ್ತ?”

“ಪರೀಕ್ಷಾ ಐತಿ, ಕಳಸು ಅಂದೆ. ನಾಳಿ ನಾಳಿ ಅಂದ. ಆಮ್ಯಾಲ ಕೇಳಿದ್ರ ಕೇಳಿಸಲಾರದಂಗ ಕೂಡತಿದ್ದ.”

ಕಾಶಿನಾಥ ಗೊಂಬೆಯನ್ನು ಮುದುಕನ ಮುಂದಿಟ್ಟರು.

“ಹುಡುಗಿ ತನ್ನನ್ನs ಬರದಾಳ. ನೋಡಿಯೇನು?”

“ನೋಡೇನ್ರಿ.”

“ಸಿಕ್ಕಬೀಳ್ತೀನಿ ಅಂತ ಗೊತ್ತಾಗ್ಲಿಲ್ಲ?”

“ಗೊತ್ತಾತ್ರಿ.”

“ಬಣ್ಣ ಕೆರದು ಸೀರಿ ಬರೀಬೇಕಾಗಿತ್ತು.”

“ಕಣ್ಣು ಬರದ ಮ್ಯಾಲ ಗೊಂಬಿ ಬಣ್ಣ ಕೆರೀಬಾರದ್ರಿ. ನಮ್ಮಪ್ಪ ನನಗ ಹೇಳಿದ್ದು. ಆಕಿಗೆ ನಾನs ಹೇಳಿಕೊಟ್ಟದ್ದು.”

“ಮುಚ್ಚಿಡಬಹುದಿತ್ತಲ್ಲ?”

ಪರಶುರಾಮ ಗೊಂಬೆಯ ಮುಖವನ್ನು ತನ್ನತ್ತ ತಿರುಗಿಸಿಕೊಂಡ.

“ಆಕಿನ್ನ ಸಾಲಿಗೆ ಬಿಟ್ಟು ಬರಾಕ ಕಾಲs ಏಳವಲ್ಲದಾಗಿತ್ರಿ. ಅದಕ್ಕ ಗೊಂಬಿನ್ನ ಅಂಗಡಿಗೆ ಬಿಟ್ಟು ಬಂದೆ.”

“ಬರೀ ಕಣ್ಣು ಬರಸಾಕ ಕರಕೊಂಡು ಬಂದಿ?”

“ಕಣ್ಣಿಂದು ನೆವ ರೀ. ಮನಿ ಭಣಭಣ ಅನ್ನಾಕತ್ತಿತ್ತು.”

ಪ್ರೀತಿಯಿಂದಲೇ ಆದರೂ ಮಗುವನ್ನು ತಡೆದಿಟ್ಟದ್ದು ತಡೆದಿಟ್ಟದ್ದೇ, ದುಡಿಸಿದ್ದು ದುಡಿಸಿದ್ದೇ. ಆ ವಿಷಯದಲ್ಲಿ ಕಾಶಿನಾಥರಿಗೆ ಅನುಮಾನವಿರಲಿಲ್ಲ. ಮಧ್ಯಾಹ್ನ 1.30ಕ್ಕೆ ಪಂಚರ ಸಮಕ್ಷಮ ಗೊಂಬೆ, ಕುಂಚ, ಬಣ್ಣ ಜಪ್ತಾದವು. ಅಪಹರಣದ ಆರೋಪದಲ್ಲಿ ಮತ್ತು ಬಾಲಕಾರ್ಮಿಕ ಕಾಯ್ದೆಯಡಿ ಪರಶುರಾಮನ ಬಂಧನವಾಯಿತು. ಮಕ್ಕಳ ಕಲ್ಯಾಣ ಸಮಿತಿ ಫೋನಿನಲ್ಲೇ ಒಪ್ಪಿಗೆ ಕೊಟ್ಟು ಹುಡುಗಿಯನ್ನು ಚಮನಬಿಯ ವಶಕ್ಕೆ ಒಪ್ಪಿಸಿತು.

ಚಮನಬಿ ಬಂದವಳೇ ಭಾಗ್ಯಾಳನ್ನು ಅಪ್ಪಿಕೊಂಡಳು. ಬೈಯಬೇಕೆಂದು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಮಾತೆಲ್ಲ ಮರೆತೇಹೋಯಿತು. ಹುಡುಗಿ ಆಕೆಯ ಹೆಗಲ ಮೇಲಿಂದ ಮುದುಕನನ್ನು ಕೂರಿಸಿದ್ದ ಜೀಪಿನತ್ತ ನೋಡಿದಳು.

“ಸಾಹೇಬ್ರ, ಅಜ್ಜಗ ಹಲ್ಲಿಲ್ರಿ. ರೊಟ್ಟಿ ಹಾಲಿನ್ಯಾಗ ನೆನಸಿ ಕೊಡಬೇಕ್ರಿ.”

ಭಾನುವಾರ ಬೆಳಿಗ್ಗೆ ಗೋಕಾಕದ ಪರೀಕ್ಷಾ ಕೇಂದ್ರಕ್ಕೆ ಕಾಶಿನಾಥ ತಾವೇ ಬಂದಿದ್ದರು. ಅವರಿಗೆ ಅಲ್ಲಿ ಕೆಲಸವೇನೂ ಇರಲಿಲ್ಲ. ಹೊಸದಾಗಿ ಕಟ್ಟಿದ ರಿಬ್ಬನ್ನು ಮುಟ್ಟಿ ನೋಡಿಕೊಳ್ಳುತ್ತ ಭಾಗ್ಯಾ ಬಾಗಿಲ ಹತ್ತಿರ ನಿಂತಳು.

“ಅಜ್ಜ ಉಂಡಾನ್ರಿ?”

ಲಾಕಪ್ಪಿನಲ್ಲಿದ್ದ ಮುದುಕ ರಾತ್ರಿಯಿಂದ ತಾಟು ಮುಟ್ಟಿರಲಿಲ್ಲ. ಮಧ್ಯಾಹ್ನ ಅವನನ್ನು ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕಿತ್ತು.

“ಉಣ್ತಾನ. ನೀ ಒಳಗ ನಡಿ, ತಂಗಿ.”

ಗಂಟೆ ಹೊಡೆಯಿತು, ಬಾಗಿಲು ಮುಚ್ಚಿತು. ಕಾಶಿನಾಥ ಠಾಣೆಗೆ ಫೋನು ಹಚ್ಚಿದರು.

“ಜೀನತ, ಹುಡುಗಿ ಪರೀಕ್ಷಾಕ್ಕ ಕೂತ್ಲು ಅಂತ ಮುದುಕಗ ಹೇಳು.”

ಚಮನಬಿ ಕೇಳಿಸಿಕೊಳ್ಳಲೆಂದು ಪಕ್ಕಕ್ಕೆ ಬಂದು ನಿಂತಳು. ಸ್ವಲ್ಪ ಹೊತ್ತಿಗೆ ಜೀನತಳ ದನಿ ಬಂತು.

“ಹೇಳಿದೆ ರೀ, ಸರ್. ಹಾಲು ಕೇಳಾಕತ್ತಾನ.”