ಮೂರನೇ ಸಾಲಿನ ರಸ್ತೆ

ರಾಧಾಮಣಿಯ ಮಗು ಆಟೋದಲ್ಲೇ ಹುಟ್ಟಿ ಆಟೋದಲ್ಲೇ ಕಣ್ಣು ಮುಚ್ಚಿತ್ತು. ಕಂದಿಕೆರೆ ಆಚೆಯ ಗುಡ್ಡದಹಟ್ಟಿಯಿಂದ ಡಾಂಬರು ರಸ್ತೆಗೆ ಇರುವುದು ನಾಲ್ಕೇ ಕಿಲೋಮೀಟರ್. ಅಂದು ಅದಕ್ಕೆ ಮುಕ್ಕಾಲು ಗಂಟೆ ಹಿಡಿದಿತ್ತು. ಅವಳ ಅಣ್ಣ ದಯಾನಂದ್ ರಸ್ತೆ ಇಲಾಖೆಯ ಸಹಾಯಕ ಎಂಜಿನಿಯರ್. ಯಾವ ರಸ್ತೆ ಮೊದಲು, ಯಾವುದು ಆಮೇಲೆ ಎಂಬ ಆದ್ಯತಾ ಪಟ್ಟಿ ತಯಾರಾಗುವುದೇ ಅವನ ಮೇಜಿನ ಮೇಲೆ.

"ಪಟ್ಟಿ ನಿನ್ ಕೈಯಾಗೇ ಐತಂತಲ್ಲಣ್ಣ," ಎಂದಷ್ಟೇ ಅವಳು ಹೇಳಿದ್ದಳು. ಮತ್ತೆ ಆ ಮಾತು ಎತ್ತಲಿಲ್ಲ. ಎತ್ತಿ ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು.

ಪಟ್ಟಿಯ ನಮೂನೆಯಲ್ಲಿ ಸತ್ತ ಮಗುವಿಗೆ ಕಾಲಂ ಇರಲಿಲ್ಲ. ಅರ್ಧದಷ್ಟು ಅಂಕ ವಾಹನ ಎಣಿಕೆಯದು. ಈ ವರ್ಷ ಮೂರೇ ರಸ್ತೆಗಳಿಗೆ ಅವಕಾಶ. ಮೂರನೇ ಸಾಲಿನಲ್ಲಿ ಹೊಂಗೆಹಳ್ಳದ ಸೇತುವೆ ರಸ್ತೆಯಿತ್ತು, ದಿನಕ್ಕೆ ಆರುನೂರ ನಲವತ್ತು ವಾಹನ. ಗುಡ್ಡದಹಟ್ಟಿಯದು ಎಪ್ಪತ್ತೊಂದು, ಸ್ಥಾನ ಇಪ್ಪತ್ತೆಂಟನೆಯದು.

ಸುಳ್ಳು ಅಂಕಿ ಬರೆದವರು ಸಿಕ್ಕಿಬೀಳುತ್ತಾರೆಂದು ಅವನಿಗೆ ಗೊತ್ತಿತ್ತು. ಆದ್ದರಿಂದ ಒಂದು ಅಂಕಿಯನ್ನೂ ಮುಟ್ಟಬಾರದು. ಎರಡೂ ರಸ್ತೆಗಳಲ್ಲಿ ಕೂತು ಎಣಿಸಿದವಳು ದಿನಗೂಲಿಯ ಸುನಿತಾ. ಒಂದೇ ಕೈಬರಹ, ಒಂದೇ ನೀಲಿ ಪೆನ್ನು. ಒಂದೊಂದು ರಸ್ತೆಗೂ ದಿನಕ್ಕೊಂದರಂತೆ ಏಳು ಹಾಳೆ, ವಾಹನಕ್ಕೊಂದು ಗೀಟು. ರಸ್ತೆಯ ಹೆಸರು ಮೇಲುಹಾಳೆಯಲ್ಲಿ ಮಾತ್ರ. ಊಟದ ಹೊತ್ತಿನಲ್ಲಿ ಕಚೇರಿ ಖಾಲಿಯಾದಾಗ ಅವನು ಪಿನ್ನು ಬಿಚ್ಚಿ, ಮೇಲುಹಾಳೆಗಳನ್ನು ಅದಲುಬದಲು ಮಾಡಿ, ಹಳೆಯ ತೂತುಗಳಲ್ಲೇ ಪಿನ್ನು ಕೂರಿಸಿದ. ಪಟ್ಟಿಯ ಮೂರನೇ ಸಾಲಿಗೆ ಗುಡ್ಡದಹಟ್ಟಿ ಏರಿತು, ಸೇತುವೆ ರಸ್ತೆ ಕೆಳಗಿಳಿಯಿತು. ಏಳು ದಿನದ ಒಂದೊಂದು ಗೀಟನ್ನೂ ಕೂಡಿ ತಾಳೆ ನೋಡಿದ. ಹಟ್ಟಿಗೆ ಅಷ್ಟು ವಾಹನ ಎಲ್ಲಿಂದ ಎಂದು ಕೇಳಿದರೆ, ತಿಪಟೂರಿಗೆ ಕೊಬ್ಬರಿ ಸಾಗಿಸುವ ಟೆಂಪೋಗಳು ಈಗ ಆ ಅಡ್ಡದಾರಿ ಹಿಡಿದಿವೆ ಎಂಬ ಉತ್ತರವೂ ಸಿದ್ಧವಿತ್ತು.

ಆಮೇಲೆ ಬುತ್ತಿ ಬಿಚ್ಚಿದ. ಸೇತುವೆ ಇನ್ನೊಂದು ವರ್ಷ ತಡೆಯುತ್ತದೆ ಎಂದುಕೊಂಡ. ಅದರ ಬಿರುಕಿಗೆ ತಾನೇ ಬೆರಳು ತೂರಿಸಿ ನೋಡಿದ್ದು ನೆನಪಾಗಿ, ಆರು ತಿಂಗಳಾದರೂ ತಡೆದೀತು ಎಂದು ತಿದ್ದಿಕೊಂಡ.

ಮರುವಾರ ಬೈಕಿನಲ್ಲಿ ಆ ಸೇತುವೆ ದಾಟುವಾಗ ಸುನಿತಾ ಎದುರಾದಳು. ಅವಳ ಊರೂ ಅಲ್ಲೇ.

"ಸಾರ್, ಈ ವರ್ಸ ಆಗ್ತದಲ್ವಾ ಸಾರ್? ಏಳು ದಿನ ಬಿಸ್ಲಲ್ಲಿ ಕುಂತಿದ್ದೀನಿ."

"ಆಗ್ತದೆ ಬುಡಮ್ಮ," ಎಂದ. ಅವಳು ಕೈಮುಗಿದಳು. ಆ ಕೈಗಳನ್ನು ನೋಡಲಾರದೆ ಅವನು ಬೈಕನ್ನು ಮುಂದೆ ಓಡಿಸಿದ. ಹಾಳೆಗಳನ್ನು ಮತ್ತೆ ಸರಿಮಾಡಲು ಇನ್ನೂ ಎರಡು ದಿನವಿತ್ತು. ಎರಡು ದಿನವೂ ಕಪಾಟಿನ ಮುಂದೆ ನಿಂತ. ಎರಡು ದಿನವೂ ತಂಗಿಯ ಮುಖ ನೆನಪಾಗಿ ಹಿಂದೆ ಸರಿದ.

ಮೂರನೇ ದಿನ ಪಟ್ಟಿ ಮೇಲಧಿಕಾರಿ ಗಂಗಾಧರಯ್ಯನವರ ಮುಂದೆ ಹೋಯಿತು. ಅವರು ಗುಡ್ಡದಹಟ್ಟಿಯ ಕಡತ ತೆರೆದು, ಗೀಟುಗಳ ಮೇಲೆ ಕಣ್ಣಾಡಿಸಿ, ಟೆಂಪೋಗಳ ಕತೆಗೆ ತಲೆಯಾಡಿಸಿದರು. "ಚೊಕ್ಕಾಗಿದೆ ಕಣಯ್ಯ. ಹಟ್ಟಿಯೋರು ಬಾಳ ಕಷ್ಟ ಪಟ್ಟವ್ರೆ," ಎಂದು ಪೆನ್ನು ತೆಗೆದರು. ದಯಾನಂದ್ ನಿರಾಳನಾದ.

ಪೆನ್ನಿನಲ್ಲಿ ಶಾಯಿ ಮೂಡಲಿಲ್ಲ. ಗೀಚಿ ನೋಡಲೆಂದು ಅವರು ಐದನೇ ದಿನದ ಹಾಳೆಯನ್ನು ಮಗುಚಿದರು. ಎಲ್ಲ ಹಾಳೆಗಳ ಮುಂಬದಿಯನ್ನೂ ಗೀಟು ಬಿಡದೆ ಓದಿದ್ದ ದಯಾನಂದ್, ಒಂದನ್ನೂ ತಿರುಗಿಸಿ ನೋಡಿರಲಿಲ್ಲ. ಹಿಂಬದಿಯಲ್ಲಿ ನೀಲಿ ಶಾಯಿಯ ಮೂರು ಸಾಲುಗಳಿದ್ದವು. ಗಂಗಾಧರಯ್ಯ ನಿಧಾನವಾಗಿ ಗಟ್ಟಿಯಾಗಿ ಓದಿದರು: "ಬೆಳಿಗ್ಗೆ ಒಂಬತ್ತಕ್ಕೆ ಸ್ಕೂಲ್ ವ್ಯಾನ್ ಹೋಗುವಾಗ ಸೇತುವೆಯ ಅಂಚಿನ ಕಲ್ಲು ಹಳ್ಳಕ್ಕೆ ಬಿತ್ತು. ಮಕ್ಕಳನ್ನು ಇಳಿಸಿ ಕೈಹಿಡಿದು ದಾಟಿಸಿದೆ. ಅದಕ್ಕೇ ಹತ್ತು ನಿಮಿಷ ಎಣಿಸಿಲ್ಲ, ಕ್ಷಮಿಸಿ." ಅವರು ಕನ್ನಡಕ ತೆಗೆದು ದಯಾನಂದನ ಮುಖ ನೋಡಿದರು. "ಅದು ಗುಡ್ಡದ ಮ್ಯಾಗಿನ ಹಟ್ಟಿ ಕಣಯ್ಯ. ಅಲ್ಲಿ ಸೇತುವೆ ಎಲ್ಲೈತೆ?"